ಬಾಕ್ಸಿನೊಳಗಿನ ತಪ್ಪೊಪ್ಪಿಗೆ

"ಆ ಲಿಫ್ಟ್ ಮೆಕ್ಯಾನಿಕ್ಕು ಮತ್ತೆ ಏನೋ ಮಾಡ್ಕೊಂಡಿದಾನಲ್ಲೇ," ಎಂದರು ನಮ್ಮತ್ತೆ, ಬೆಳಿಗ್ಗೆ ತಿಂಡಿ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು.

"ಏನೂ ಮಾಡಿಲ್ಲ ಅತ್ತೆ. ಅವರದೇನೂ ತಪ್ಪಿಲ್ಲ ಅಂತ ನಾನೇ ಬರೆದಿರೋದು. ಪೂರ್ತಿ ಓದಿ."

"ಇಲ್ಲಿ ಹಾಗೇನೂ ಇಲ್ವಲ್ಲ."

"ಅದನ್ನ ಒತ್ತಿ ಒಳಗೆ ಹೋಗ್ಬೇಕು, ಆಮೇಲೆ ಬರತ್ತೆ."

"ಒಳಗೆ ಹೋಗೋ ಉಸಾಬರಿ ನಂಗ್ಯಾಕಮ್ಮ! ಮೇಲಿರೋದು ಓದಿದ್ರೆ ಗೊತ್ತಾಗಲ್ವಾ," ಎಂದು ಅತ್ತೆ ಹೆಬ್ಬೆರಳಿನಿಂದ ಮುಂದಿನ ಸುದ್ದಿಗೆ ತಳ್ಳಿದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಎರಡು ನಿಮಿಷ ನಿಂತು ಅವರ ಮೊಬೈಲಿನೊಳಗೆ ಇಣುಕಿದ್ದರೆ ಆ ದಿನದ ಅರ್ಧ ಸಂಕಟ ತಪ್ಪುತ್ತಿತ್ತು. ಇಣುಕಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ತಾಳ್ಮೆ ಎಲ್ಲಿದೆ ಎಂದು ಇನ್ನೂ ಯಾರಿಗೂ ಪತ್ತೆಯಾಗಿಲ್ಲ.

ನಾನು ಒಂದು ಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷದಿಂದ ಉಪಸಂಪಾದಕಿ. ಈಗ ಅದು ಅಚ್ಚಾಗುವುದಿಲ್ಲ, ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಮಾತ್ರ ಬರುತ್ತದೆ. ಅಚ್ಚಿನ ಮನೆ ಮುಚ್ಚಿದ ದಿನ ನಾನು ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು, ಹೊಸ ವ್ಯವಸ್ಥೆಯನ್ನು ಬೈಯುತ್ತಲೇ ಕಲಿತೆ.

ಈ ಮೆಕ್ಯಾನಿಕ್ಕಿನ ವಿಷಯ ಇಷ್ಟು. ಆರು ವಾರದ ಹಿಂದೆ ಒಂದು ಅಪಾರ್ಟ್‌ಮೆಂಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಲಿಫ್ಟಿನಿಂದ ಹೊರಗೆ ಕಾಲಿಡುವಾಗ ಅದು ಒಂದಡಿ ಕೆಳಕ್ಕೆ ಜಾರಿ, ಅವರು ಬಿದ್ದು ಕಾಲು ಮುರಿಯಿತು. ಬ್ರೇಕ್ ಸವೆದಿತ್ತು. ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷ "ಎಲ್ಲಾ ಮೆಕ್ಯಾನಿಕ್ಕಿನ ಬೇಜವಾಬ್ದಾರಿ" ಎಂದ. ನಾವು ಅದನ್ನೇ ಹಾಕಿದೆವು. ಮೆಕ್ಯಾನಿಕ್ಕಿಗೆ ಒಂದು ಫೋನ್ ಕೂಡ ಮಾಡಲಿಲ್ಲ. ಆ ಸುದ್ದಿ ತಿದ್ದಿದ್ದು ನಾನೇ. ಆಮೇಲೆ ತನಿಖೆಯವರು ಬಂದು ಲಿಫ್ಟಿನ ಸರ್ವಿಸ್ ಪುಸ್ತಕ ತೆಗೆದು ನೋಡಿದರೆ, ಬ್ರೇಕ್ ಬದಲಿಸಬೇಕು ಎಂದು ಆ ಮನುಷ್ಯ ಒಂದಲ್ಲ, ಮೂರು ಸಲ ಬರೆದಿದ್ದಾರೆ! ಮೂರು ಸಲವೂ ಅದೇ ಅಧ್ಯಕ್ಷ ಕೆಳಗೆ ಸಹಿ ಮಾಡಿದ್ದಾನೆ. ಇದು ಗೊತ್ತಾದಾಗ ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಿದ್ದುಪಡಿಯನ್ನು ಬೇರೆ ಯಾರಿಗೂ ಕೊಡದೆ ಹಿಂದಿನ ದಿನ ಸಂಜೆ ನಾನೇ ಕೂತು ಬರೆದೆ.

ಅಚ್ಚಿನ ಕಾಲದಿಂದ ನಮ್ಮಲ್ಲೊಂದು ಪದ್ಧತಿ ಇದೆ. ತಪ್ಪೊಪ್ಪಿಗೆ ಯಾವಾಗಲೂ ಬಾಕ್ಸಿನೊಳಗೆ. ಸುತ್ತ ನಾಲ್ಕು ಗೆರೆ ಎಳೆದು ಮಧ್ಯದಲ್ಲಿ ಕೂರಿಸಬೇಕು, ಪುಟ ಬಿಡಿಸಿದ ಕೂಡಲೇ ಕಣ್ಣಿಗೆ ರಾಚಬೇಕು. ಕಳ್ಳನ ಹಾಗೆ ಮೂಲೆಯಲ್ಲಿ ಎರಡು ಸಾಲು ಹಾಕಿ ಕೈ ತೊಳೆದುಕೊಳ್ಳುವುದು ನನಗೆ ಯಾವತ್ತೂ ಆಗಿ ಬರಲ್ಲ. ಹಾಗಾಗಿ ಮೊದಲು ಮಾಮೂಲಿ ಪ್ಯಾರಾದಲ್ಲಿ, ನಾವು ಅಂದು ಏನು ಬರೆದಿದ್ದೆವು ಎಂದು ನೆನಪಿಸಿದೆ. ಅದರ ಕೆಳಗೆ ದೊಡ್ಡದಾಗಿ, ಬಣ್ಣದ ಬಾಕ್ಸಿನಲ್ಲಿ, ಅದೆಲ್ಲ ಸುಳ್ಳು, ಮೆಕ್ಯಾನಿಕ್ ನಿರಪರಾಧಿ, ಕ್ಷಮಿಸಿ ಎಂದು ಬರೆದೆ. ಬರೆದು ಮುಗಿಸಿದಾಗ ಎದೆ ಸ್ವಲ್ಪ ಹಗುರಾಗಿತ್ತು.

ಆಫೀಸಿಗೆ ಬಂದರೆ ಬಾಗಿಲ ಹತ್ತಿರದ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ನಲವತ್ತೈದರ ಆಸುಪಾಸು, ತೋಳಿನ ಗುಂಡಿ ಹಾಕಿದ ಇಸ್ತ್ರಿ ಅಂಗಿ, ದಪ್ಪ ಅಡಿಯ ಬೂಟು, ತೊಡೆಯ ಮೇಲೆ ಉಪಕರಣದ ಚೀಲ. ನನ್ನನ್ನು ಕಂಡು ಎದ್ದು ನಿಂತರು.

"ನಾನು ಆ ಲಿಫ್ಟ್ ಮೆಕ್ಯಾನಿಕ್ ಮೇಡಂ."

ಥ್ಯಾಂಕ್ಸ್ ಹೇಳಲು ಬಂದಿದ್ದಾರೆ ಎಂದುಕೊಂಡೆ ನಾನು! ನನ್ನ ಮುಖದಲ್ಲಿ ಒಂದು ಸಣ್ಣ ನಗೆಯೂ ಬಂದಿರಬೇಕು. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

"ನೀವು ಬರೆದಿದ್ದು ಪೂರ್ತಿ ಓದಿದೆ ಮೇಡಂ. ಚೆನ್ನಾಗಿದೆ," ಎಂದು ಅವರು ಮೊಬೈಲ್ ಮುಂದೆ ಹಿಡಿದರು. "ಆದ್ರೆ ಜನಕ್ಕೆ ಕಾಣ್ತಿರೋದು ಇದು."

ನಮ್ಮ ಮುಖಪುಟದಲ್ಲಿ ಪ್ರತಿ ಸುದ್ದಿಯ ತಲೆಬರಹದ ಕೆಳಗೆ ನಾಲ್ಕೈದು ಸಾಲಿನ ಸಾರಾಂಶ ಇರುತ್ತದೆ. ಮೊಬೈಲಿಗೆ ಹೋಗುವುದೂ ಅಷ್ಟೇ. ಅಲ್ಲಿ ಹೀಗಿತ್ತು: "ಲಿಫ್ಟ್ ಜಾರಿ ವೃದ್ಧೆಯ ಕಾಲು ಮುರಿದ ಪ್ರಕರಣಕ್ಕೆ ಮೆಕ್ಯಾನಿಕ್ಕಿನ ನಿರ್ಲಕ್ಷ್ಯವೇ ಕಾರಣ ಎಂದು ನಮ್ಮ ಪತ್ರಿಕೆ ವರದಿ ಮಾಡಿತ್ತು. ಎರಡು ವರ್ಷದಿಂದ ಲಿಫ್ಟಿನ ಉಸ್ತುವಾರಿ ಹೊತ್ತಿದ್ದ ಈತ ಬ್ರೇಕ್ ಸವೆದಿರುವುದನ್ನು ಗಮನಿಸಿರಲಿಲ್ಲ ಎಂದು ಸಂಘದ ಅಧ್ಯಕ್ಷರು ದೂರಿದ್ದರು..." ಮುಂದೆ ಮೂರು ಚುಕ್ಕಿ. ಅಷ್ಟೇ. ಬಾಕ್ಸಿನೊಳಗಿನ ಒಂದಕ್ಷರವೂ ಇಲ್ಲ.

ಮೊಬೈಲ್ ಇಸಿದುಕೊಂಡು ಇನ್ನೊಮ್ಮೆ ಓದಿದೆ.

"ನಮ್ಮಕ್ಕ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ ಅಳ್ತಿದ್ಲು. 'ಮತ್ತೆ ಹಾಕಿದಾರಲ್ಲೋ, ಇನ್ನೂ ಎಷ್ಟು ಸಲ ಹಾಕ್ತಾರೋ' ಅಂತ," ಎಂದರು. ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ನಾಲ್ಕು ಮಾತಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. "ಆರು ವಾರದಿಂದ ಯಾರೂ ಕೆಲಸಕ್ಕೆ ಕರೆದಿಲ್ಲ ಮೇಡಂ. ಇವತ್ತು ಐದು ಗಂಟೆಗೆ ಒಂದು ಕಡೆ ಮೀಟಿಂಗ್ ಇದೆ. ಆರು ಮಹಡಿ ಕಟ್ಟಡ, ಹಳೇ ಲಿಫ್ಟು. ನನ್ನನ್ನ ತಗೋಬೇಕೋ ಬೇಡ್ವೋ ಅಂತ ಇವತ್ತು ತೀರ್ಮಾನ ಮಾಡ್ತಾರೆ. ತನಿಖೆ ರಿಪೋರ್ಟ್ ನೋಡಿ ಆಗ್ಲಿ ಅಂದಿದ್ರು. ಬೆಳಿಗ್ಗೆ ಯಾರೋ ಇದನ್ನ ಅವರ ಮೊಬೈಲ್ ಗುಂಪಲ್ಲಿ ಹಾಕಿದಾರೆ. ಅಲ್ಲಿನ ಕಾರ್ಯದರ್ಶಿ ಫೋನ್ ಮಾಡಿ, ಎಲ್ಲರೂ ನಿಮ್ಮನ್ನ ಬೇಡ ಅಂದ್ರೂ ಅನ್ನಬಹುದು, ಬನ್ನಿ ನೋಡಣ ಅಂದ್ರು."

ಅವರನ್ನು ಅಲ್ಲೇ ಕೂರಿಸಿ, ಚಹಾ ತರಿಸಿ, ನಾನು ನೇರವಾಗಿ ಇಟ್ಟಿಗೆಯ ಮೇಜಿಗೆ ನುಗ್ಗಿದೆ.

ಇಟ್ಟಿಗೆ ಎಂದರೆ ನಮ್ಮ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವನು. ನಲವತ್ತು ದಾಟಿದೆ, ತಲೆ ಬೋಳಾಗುತ್ತಿದೆ, ಇರುವೆಗೂ ನೋವಾಗದ ಹಾಗೆ ಮಾತಾಡುತ್ತಾನೆ. ಹೊಸ ವ್ಯವಸ್ಥೆ ಬಂದ ದಿನ "ಇನ್ಮೇಲೆ ಸುದ್ದೀನ ಬ್ಲಾಕ್ ಬ್ಲಾಕಾಗಿ ಕಟ್ಬೇಕು. ಪ್ಯಾರಾ ಒಂದು ಬ್ಲಾಕು, ಫೋಟೋ ಒಂದು ಬ್ಲಾಕು, ಬಾಕ್ಸ್ ಒಂದು ಬ್ಲಾಕು, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ" ಎಂದು ಪಾಠ ಮಾಡಿದ. ಅಂದಿನಿಂದ ನಾನು ಅವನನ್ನು ಇಟ್ಟಿಗೆ ಎಂದೇ ಕರೆಯುವುದು. ಈಗ ಸಂಪಾದಕರೂ ಹಾಗೇ ಕರೆಯುತ್ತಾರೆ.

"ಏನಯ್ಯಾ ಇಟ್ಟಿಗೆ, ನಿನ್ನ ಯಂತ್ರಕ್ಕೆ ಕಣ್ಣಿದೆಯಾ ಇಲ್ವಾ? ನಾನು ಕ್ಷಮೆ ಕೇಳಿದ್ದು ಬಿಟ್ಟು ಬೈದಿದ್ದನ್ನ ಮಾತ್ರ ಎತ್ತಿ ಊರಿಗೆಲ್ಲ ಹಂಚಿದೆಯಲ್ಲ!"

ಅವನು ಕುರ್ಚಿ ಎಳೆದುಕೊಟ್ಟ. ನನ್ನ ಲೇಖನ ತೆರೆದ. ಒಂದು ಸಲ ನೋಡಿ, ನನ್ನ ಕಡೆ ತಿರುಗದೆ, "ಅಕ್ಕಾ, ಕ್ಷಮೆ ಬಾಕ್ಸಲ್ಲಿ ಹಾಕಿದೀರಿ," ಎಂದ.

"ಹೌದು, ಬಾಕ್ಸಲ್ಲೇ ಹಾಕೋದು!"

"ಸಾರಾಂಶ ಮಾಡೋ ಯಂತ್ರ ಮೇಲಿಂದ ಮೂವತ್ತು ಪದ ತಗೊಳತ್ತೆ. ಪ್ಯಾರಾ ತಗೊಳತ್ತೆ, ಫೋಟೋ ಬಿಡತ್ತೆ, ಬಾಕ್ಸ್ ಬಿಡತ್ತೆ."

"ಬಾಕ್ಸ್ ಬಿಡು ಅಂತ ಯಾವ ಪುಣ್ಯಾತ್ಮ ಹೇಳಿದ್ದು ಅದಕ್ಕೆ?"

ಇಟ್ಟಿಗೆ ಬೋಳು ತಲೆ ಸವರಿಕೊಂಡ. "ನೀವೇ ಅಕ್ಕಾ."

ನಾನೇ! ಆಗ ನೆನಪಾಯಿತು. ಶುರುವಿನಲ್ಲಿ ಯಂತ್ರ ಬಾಕ್ಸುಗಳನ್ನೂ ಎತ್ತಿಕೊಳ್ಳುತ್ತಿತ್ತು. ಆಗ ಬಾಕ್ಸಿನಲ್ಲಿ ಇರುತ್ತಿದ್ದದ್ದು ಜಾಹೀರಾತು, "ಇದನ್ನೂ ಓದಿ" ಇಂಥವು. ಒಮ್ಮೆ ಊರಿಗೆಲ್ಲ ಬೇಕಾಗಿದ್ದ ಶಾಲಾ ಶಿಕ್ಷಕಿಯೊಬ್ಬರು ತೀರಿಕೊಂಡ ಸುದ್ದಿಯ ಕೆಳಗೆ, ಸಾರಾಂಶದ ಜಾಗದಲ್ಲಿ, "ಇಂದೇ ಚಂದಾದಾರರಾಗಿ, ಮೊದಲ ತಿಂಗಳು ಉಚಿತ!" ಎಂದು ಬಂದಿತ್ತು. ನಾನು ಇದೇ ಮೇಜಿನ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದಿದ್ದೆ. "ಬಾಕ್ಸಿನೊಳಗಿರೋದು ಒಂದಕ್ಷರ ಹೊರಗೆ ಬಂದ್ರೂ ನಾನು ಸುಮ್ಮನಿರಲ್ಲ" ಎಂದಿದ್ದೆ. ಅವನು ಪಾಪ ಅದನ್ನು ಚೀಟಿಯಲ್ಲಿ ಬರೆದುಕೊಂಡು, ಹೇಳಿದ ಹಾಗೇ ಮಾಡಿದ್ದ. ನಾನು ಮಾತ್ರ ಅಚ್ಚಿನ ಅಭ್ಯಾಸದಲ್ಲಿ, ಎಲ್ಲಕ್ಕಿಂತ ಎದ್ದು ಕಾಣಲಿ ಎಂದು, ಯಾರಿಗೂ ಕಾಣದ ಜಾಗದಲ್ಲೇ ಆ ಮನುಷ್ಯನ ಮಾನವನ್ನು ಇಟ್ಟುಬಂದಿದ್ದೆ.

ಹರಳೆಣ್ಣೆ ಕುಡಿದವಳ ಹಾಗೆ ಕೂತೆ.

"ನಿಯಮ ಬದಲಾಯಿಸ್ತೀನಿ," ಎಂದ ಇಟ್ಟಿಗೆ ಮೆತ್ತಗೆ. "ಜಾಹೀರಾತಿನ ಬಾಕ್ಸ್ ಬೇರೆ, ನಮ್ಮ ಬಾಕ್ಸ್ ಬೇರೆ ಅಂತ ಗುರುತು ಮಾಡಿದ್ರೆ ಆಯ್ತು. ಆದ್ರೆ ಅದಕ್ಕಿಂತ ಬೇಗ ಆಗೋದು ಒಂದಿದೆ. ಸಾರಾಂಶ ಅಂತ ಇಲ್ಲೊಂದು ಖಾಲಿ ಜಾಗ ಇದೆ ನೋಡಿ. ಇಲ್ಲಿ ಕೈಯಾರೆ ಬರೆದ್ರೆ ಯಂತ್ರ ಬಾಯಿ ಮುಚ್ಕೊಂಡು ಇದನ್ನೇ ತಗೊಳತ್ತೆ. ಎರಡು ವರ್ಷದಿಂದ ಇದೆ ಅಕ್ಕಾ. ನೀವು ಒಂದು ಸಲಾನೂ ಬರೆದಿಲ್ಲ."

ಬರೆದಿರಲಿಲ್ಲ, ನಿಜ. ಪೂರ್ತಿ ಓದುವ ಯೋಗ್ಯತೆ ಇಲ್ಲದವರಿಗೆ ಮೂವತ್ತು ಪದದ ತುತ್ತು ಮಾಡಿ ಬಾಯಿಗಿಡುವುದು ನನ್ನ ಕೆಲಸವಲ್ಲ ಎಂಬ ಜಂಬ ನನಗೆ. ಆ ಜಂಬಕ್ಕೆ ದಂಡ ತೆತ್ತವರು ಬಾಗಿಲ ಹತ್ತಿರ ಕೂತು ಆರಿದ ಚಹಾ ಕುಡಿಯುತ್ತಿದ್ದರು.

ಬರೆಯಲು ಕೂತೆ. ಮೊದಲ ಸಲ "ಪ್ರಕರಣದ ತನಿಖೆ ಪೂರ್ಣಗೊಂಡಿದ್ದು" ಎಂದು ಶುರುವಾಯಿತು, ಅಳಿಸಿದೆ. ಎರಡನೇ ಸಲ "ವಿಷಾದಿಸುತ್ತೇವೆ" ಎಂಬುದು ಇಪ್ಪತ್ತೆಂಟನೇ ಪದಕ್ಕೆ ಬಂತು. ಅದನ್ನೂ ಅಳಿಸಿದೆ. ಇಪ್ಪತ್ತಾರು ವರ್ಷ ಪುಟಗಟ್ಟಲೆ ತಿದ್ದಿದ ಕೈಗೆ ನಾಲ್ಕು ಸಾಲು ಬರೆಯಲು ಬೆವರು ಬಂತು. ಕೊನೆಗೆ ಸಂಪಾದಕರನ್ನೂ ಕೇಳದೆ ಹೀಗೆ ಬರೆದೆ: "ತಪ್ಪು ನಮ್ಮದು. ಲಿಫ್ಟ್ ಜಾರಿದ್ದಕ್ಕೆ ಮೆಕ್ಯಾನಿಕ್ ಕಾರಣರಲ್ಲ. ಬ್ರೇಕ್ ಬದಲಿಸಿ ಎಂದು ಅವರು ಮೂರು ಸಲ ಬರೆದುಕೊಟ್ಟಿದ್ದರು, ಸಂಘದವರು ಬದಲಿಸಲಿಲ್ಲ ಎಂದು ತನಿಖೆ ಹೇಳಿದೆ. ಅವರನ್ನು ಒಂದು ಮಾತೂ ಕೇಳದೆ ನಾವು ದೂರಿದೆವು. ಅವರ ಕ್ಷಮೆ ಕೇಳುತ್ತೇವೆ." ಸಂಪಾದಕರಿಗೆ ಆಮೇಲೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿ, "ಹೂಂ, ಇಷ್ಟು ನೇರವಾಗಿ ನಾವು ಯಾವತ್ತೂ ಕೇಳಿಲ್ಲ ಅಲ್ವೇನಮ್ಮಾ," ಎಂದರು. ಬೇಡ ಎನ್ನಲಿಲ್ಲ.

ಇಟ್ಟಿಗೆ ಅದನ್ನು ಹೊಸದಾಗಿ ಎಲ್ಲರ ಮೊಬೈಲಿಗೂ ಕಳಿಸಿದ. ಮುಖಪುಟದಲ್ಲೂ ಬದಲಾಯಿತು. ಆದರೆ ಆ ಕಟ್ಟಡದವರ ಗುಂಪಿನಲ್ಲಿ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನ ಕಳೆದರೂ ಹಾಗೇ ಅಂಟಿಕೊಂಡಿತ್ತು, ಹಳೆಯ ಸಾಲುಗಳೇ.

"ಅದನ್ನ ಕೀಳೋಕೆ ನನ್ನ ಕೈಲಾಗಲ್ಲ ಅಕ್ಕಾ. ಒಂದು ಸಲ ಅಲ್ಲಿ ಹೋಗಿ ಕೂತಿದ್ದು ನಮ್ಮದಲ್ಲ," ಎಂದ.

ಗಡಿಯಾರ ನೋಡಿದೆ. ನಾಲ್ಕಾಗಲು ಹತ್ತು ನಿಮಿಷ. ಕೈಚೀಲ ತಗಲಿಸಿಕೊಂಡು ಬೆಂಚಿನ ಹತ್ತಿರ ಹೋಗಿ, "ಏಳಿ, ನಾನೂ ಬರ್ತೀನಿ ನಿಮ್ಮ ಮೀಟಿಂಗಿಗೆ," ಎಂದೆ.

"ನೀವ್ಯಾಕೆ ಮೇಡಂ..."

"ನಾನ್ಯಾಕೆ ಅಂದ್ರೆ? ಮಾಡಿದ್ದು ನಾನು. ನಡೀರಿ ಸುಮ್ಮನೆ."

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅವರು ಚೀಲವನ್ನು ಕಾಲ ಮಧ್ಯೆ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಆ ಅಧ್ಯಕ್ಷನಿಗೆ, ಯಂತ್ರಕ್ಕೆ, ಒತ್ತಿ ಒಳಗೆ ಹೋಗದ ಜನಕ್ಕೆ, ಕೊನೆಗೆ ನನಗೆ, ಒಬ್ಬೊಬ್ಬರಿಗೂ ಸರಿಯಾಗಿ ಮಂಗಳಾರತಿ ಎತ್ತುತ್ತಲೇ ಇದ್ದೆ. ಮೂರು ನಿಲ್ದಾಣ ಕಳೆದ ಮೇಲೆ ಅವರು ಬಾಯಿ ಬಿಟ್ಟರು.

"ಮೇಡಂ, ತನಿಖೆಯವರಿಗೆ ಹೇಳಿಲ್ಲ, ಮನೇಲೂ ಹೇಳಿಲ್ಲ. ನಿಮಗೆ ಹೇಳ್ತೀನಿ. ಮೂರು ಸಲ ಬರೆದೆ, ಅದು ನಿಜ. ಆದ್ರೆ ಎಲ್ಲಿ ಬರೆದೆ ಗೊತ್ತಾ? ಏಳನೇ ಸಾಲಲ್ಲಿ."

"ಅಂದ್ರೆ?"

"ಸರ್ವಿಸ್ ಪುಸ್ತಕದಲ್ಲಿ ಮಾಡಿದ ಕೆಲಸ ಮೊದಲು ಬರೀಬೇಕು ಅಂತ ನಮ್ಮ ಮೇಸ್ತ್ರಿ ಹೇಳಿಕೊಟ್ಟಿದ್ದು. ಎಣ್ಣೆ ಬಿಟ್ಟೆ. ಬಾಗಿಲ ಹಳಿ ಒರೆಸಿದೆ. ಎರಡನೇ ಮಹಡಿ ಬಲ್ಬ್ ಬದಲಾಯಿಸಿದೆ. ಗಂಟೆ ಸರಿ ಮಾಡಿದೆ. ಹೀಗೇ ಆರು ಸಾಲು. ಆಮೇಲೆ ಏಳನೇದು, 'ಬ್ರೇಕ್ ಸವೆದಿದೆ, ದಯವಿಟ್ಟು ಬದಲಿಸಿ.' ಅಧ್ಯಕ್ಷರು ಮೇಲಿನ ಎರಡು ಸಾಲು ನೋಡೋರು, ಆಯ್ತಾ ಅನ್ನೋರು, ಸಹಿ ಹಾಕೋರು. ಅವರ ಕಣ್ಣು ಕೆಳಗೆ ಇಳೀತಿಲ್ಲ ಅಂತ ನಂಗೆ ಕಾಣ್ತಿತ್ತು ಮೇಡಂ. ಮೂರು ಸಲಾನೂ ಕಾಣ್ತಿತ್ತು. ಬಾಯಲ್ಲಿ ಹೇಳೋಕೆ ಸಂಕೋಚ. ದೊಡ್ಡೋರು, ಬರೆದಿದೀನಲ್ಲ, ಓದ್ಕೊಳ್ತಾರೆ ಬಿಡು ಅಂತ ಸುಮ್ಮನಾದೆ. ನಂದೇನೂ ತಪ್ಪಿಲ್ಲ ಅಂತ ಸರ್ಕಾರ ಹೇಳತ್ತೆ. ಆ ಅಜ್ಜಿ ಕಾಲು ನೆನಪಾದ್ರೆ ಊಟ ಸೇರಲ್ಲ."

ನನಗೆ ಸಿಟ್ಟು ಉಕ್ಕಿತು. "ಏಳನೇ ಸಾಲು ಓದೋದು ಅವನ ಕೆಲಸ ಕಣ್ರೀ! ಸಹಿ ಹಾಕೋನು ಪೂರ್ತಿ ಓದಬೇಕು. ಅದಕ್ಕೆ ನೀವ್ಯಾಕೆ ಕೊರಗ್ತೀರಿ?"

ಅವರು ಆಗ ಮೊದಲ ಸಲ ನನ್ನ ಮುಖ ನೋಡಿದರು. "ಹಾಗಾದ್ರೆ ಬಾಕ್ಸಿನೊಳಗಿರೋದನ್ನ ಓದೋದೂ ಜನರ ಕೆಲಸಾನೇ ಅಲ್ವಾ ಮೇಡಂ? ನೀವ್ಯಾಕೆ ಬೆಳಿಗ್ಗೆಯಿಂದ ಇಷ್ಟು ಒದ್ದಾಡ್ತಿದೀರಿ?"

ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಈ ಮನುಷ್ಯ ದನಿಯೇ ಏರಿಸದೆ ಮುಚ್ಚಿಸಿದರು. ಇಳಿಯುವಾಗ ಅವರ ಚೀಲದ ಒಂದು ಹಿಡಿಯನ್ನು ನಾನು ಹಿಡಿದುಕೊಂಡೆ, ಅವರು ಬೇಡ ಎನ್ನಲಿಲ್ಲ.

ಮೀಟಿಂಗ್ ನೆಲಮಹಡಿಯಲ್ಲಿ, ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ. ಒಂಬತ್ತು ಪ್ಲಾಸ್ಟಿಕ್ ಕುರ್ಚಿ, ಏಳು ಜನ. ಕಾರ್ಯದರ್ಶಿ ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡಿದ್ದ ಗಟ್ಟಿ ಹೆಂಗಸು, ನನ್ನಷ್ಟೇ ವಯಸ್ಸು. ಮೊಬೈಲ್ ಮುಂದೆ ಹಿಡಿದು, "ಇದನ್ನ ಓದಿದ ಮೇಲೂ ನಾವು ಹೇಗ್ರೀ..." ಎಂದು ಶುರುಮಾಡಿದರು.

"ಅದನ್ನ ಬರೆದೋಳು ನಾನು," ಎಂದೆ. "ಅದು ತಪ್ಪಾಗಿ ಹೋಗಿದೆ. ತಪ್ಪು ನಂದು, ಇವರದ್ದಲ್ಲ. ಇದನ್ನ ಓದಿ." ಹೊಸದನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. "ತಪ್ಪು ನಮ್ಮದು" ಎಂಬಲ್ಲಿ ಒಂದು ಕ್ಷಣ ನಿಂತು ನನ್ನ ಕಡೆ ನೋಡಿ ಮುಂದುವರಿಸಿದರು. ಮುಗಿದ ಮೇಲೆ ಏಳು ಜನರಲ್ಲಿ ಒಬ್ಬರೂ ಒತ್ತಿ ಒಳಗೆ ಹೋಗಲಿಲ್ಲ. ಆ ನಾಲ್ಕು ಸಾಲೇ ಸಾಕಾಯಿತು.

"ಸರಿ, ಮೊದಲು ನಮ್ಮ ಲಿಫ್ಟ್ ಒಂದು ಸಲ ನೋಡಿ ಬನ್ನಿ. ಆಮೇಲೆ ಮಾತಾಡಣ," ಎಂದರು ಕಾರ್ಯದರ್ಶಿ.

ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಮೇಲಿನ ಯಂತ್ರದ ಕೋಣೆಗೆ ಹೋದರು. ಮುಕ್ಕಾಲು ಗಂಟೆ ಆಯಿತು. ಕೆಳಗೆ ಬಂದಾಗ ಕೈಯೆಲ್ಲ ಎಣ್ಣೆ, ಇಸ್ತ್ರಿ ಅಂಗಿಯ ತೋಳಿಗೂ ಎಣ್ಣೆ. ಕೈ ಒರೆಸಿಕೊಂಡು, ಯಾರಿಗೂ ಏನೂ ಹೇಳದೆ, ಸರ್ವಿಸ್ ಪುಸ್ತಕ ಕೇಳಿ ತೆಗೆದುಕೊಂಡು ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಕಾರ್ಯದರ್ಶಿ ಅಷ್ಟರಲ್ಲೇ ಪೆನ್ನಿನ ಮುಚ್ಚಳ ತೆಗೆದು ಸಹಿಗೆ ಸಿದ್ಧವಾಗಿದ್ದರು. ಪುಸ್ತಕ ಕೈಗೆ ಬಂದದ್ದೇ ಅವರ ಪೆನ್ನು ಅಲ್ಲೇ ನಿಂತಿತು.

"ಇದೇನ್ರೀ ಇದು? 'ಇವತ್ತಿನಿಂದಲೇ ಲಿಫ್ಟ್ ನಿಲ್ಲಿಸಿ' ಅಂತ ಬರೆದಿದೀರಿ! ಆರನೇ ಮಹಡೀಲಿ ನಮ್ಮತ್ತೆ ಗಾಲಿಕುರ್ಚೀಲಿ ಇದಾರೆ. ಇನ್ನೂ ಕೆಲಸಾನೇ ಕೊಟ್ಟಿಲ್ಲ ನಿಮಗೆ, ಆಗಲೇ ನಿಲ್ಲಿಸಿ ಅಂದ್ರೆ ಹೇಗೆ?"

ಹಿಂದಿನ ಕುರ್ಚಿಯಲ್ಲಿ ಯಾರೋ, "ಹಿಂದಿನೋನು ಯಾವತ್ತೂ ಹೀಗೆ ಹೇಳಿರಲಿಲ್ಲಪ್ಪ," ಎಂದರು. ಇನ್ನೊಬ್ಬರು ಲೊಚಗುಟ್ಟಿದರು. ಕೈಗೆ ಬಂದ ತುತ್ತು ಬಾಯಿಗೆ ಬರುವ ಮೊದಲೇ ಹೋಯಿತು ಎಂದುಕೊಂಡೆ. ಸುಮ್ಮನೆ ಎಣ್ಣೆ, ಬಲ್ಬು ಎಂದು ಬರೆದಿದ್ದರೆ ಈ ಹೊತ್ತಿಗೆ ಸಹಿ ಆಗಿರುತ್ತಿತ್ತು. ಮೆಕ್ಯಾನಿಕ್ ಎದ್ದು ನಿಂತಿದ್ದರು.

"ನಿಮ್ಮತ್ತೆ ಇದಾರೆ ಅಂತಾನೇ ಅಮ್ಮಾ," ಎಂದರು. "ಅದಕ್ಕೇ ಮೊದಲನೇ ಸಾಲಲ್ಲಿ ಬರೆದೆ. ಲಿಫ್ಟ್ ಎಳೆಯೋ ಉಕ್ಕಿನ ಹಗ್ಗದ ಎಳೆಗಳು ಬಿಟ್ಟಿವೆ. ನನಗೆ ಕೆಲಸ ಕೊಡದೇ ಇದ್ರೂ ಪರವಾಗಿಲ್ಲ, ಇವತ್ತು ಮಾತ್ರ ಯಾರನ್ನೂ ಒಳಗೆ ಬಿಡಬೇಡಿ."

ಕಾರ್ಯದರ್ಶಿ ಪೆನ್ನು ಕೆಳಗಿಟ್ಟರು. ಕುರ್ಚಿಯನ್ನು ಬೆಳಕಿನ ಕಡೆ ಎಳೆದುಕೊಂಡು, ಪುಸ್ತಕವನ್ನು ತೊಡೆಯ ಮೇಲೆ ಇಟ್ಟು, ಮೊದಲನೇ ಸಾಲಿನ ಕೆಳಗೆ ಬೆರಳಿಟ್ಟರು. ಆಮೇಲೆ ಎರಡನೆಯದು. ಮೂರನೆಯದು. ಪುಟದ ತುದಿಯವರೆಗೂ ಬೆರಳು ಇಳಿಯಿತು. ಪುಟ ತಿರುಗಿಸಿ, ಅವರು ಹಿಂಬದಿಯಲ್ಲಿ ಮುಂದುವರಿಸಿದ್ದ ಉಳಿದ ಸಾಲುಗಳನ್ನೂ ಓದಿದರು. ಮೆಕ್ಯಾನಿಕ್ ಅಷ್ಟು ಹೊತ್ತೂ ಆ ಬೆರಳನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ನೀರು ತುಂಬಿತ್ತು.

ಕಾರ್ಯದರ್ಶಿ ಸೊಂಟದ ಗೊಂಚಲಿನಿಂದ ಒಂದು ಕೀ ಬಿಡಿಸಿ, ಪಕ್ಕದವರ ಕೈಗೆ ಕೊಟ್ಟು, "ಹೋಗಿ ಮೊದಲು ಲಿಫ್ಟ್ ಸ್ವಿಚ್ ಆಫ್ ಮಾಡಿ ಬನ್ನಿ," ಎಂದರು. ಆಮೇಲೆ ಸಹಿ ಹಾಕಿದರು. "ಹಗ್ಗ ತರಿಸೋಕೆ, ಹಾಕೋಕೆ ಎಷ್ಟು ದಿನ ಬೇಕು?"

"ನಾಲ್ಕು ದಿನ ಅಮ್ಮಾ."

"ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ತೀರಿ?"

ಅವರು ಎಣ್ಣೆಯ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡರು.

"ಎಂಟು ಗಂಟೆಗೆ ಬರ್ತಾರೆ," ಎಂದು ನಾನೇ ಹೇಳಿದೆ.